ರಂಗಭಾವನ ಕಾಡಿನಲ್ಲಿ ಸೋಲಿಗರ ಹಕ್ಕು

ಚಳಿಗಾಲದಲ್ಲಿ ಮಾಟುಂಗಾ ಮಾರುಕಟ್ಟೆಯಿಂದ ಉಪ್ಪಿನಕಾಯಿಗೆ ನೆಲ್ಲಿಕಾಯಿ ತರುವಾಗಲೆಲ್ಲ ನನಗೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತದೆ. ಅಲ್ಲಿನ ಸೋಲಿಗರ ಬದುಕು ನಡೆದದ್ದೇ ಕಾಡಿನ ನೆಲ್ಲಿ, ಜೇನು, ಸೀಗೆ, ಅಂಟುವಾಳದಿಂದ. ಬೆಟ್ಟದ ರಂಗನಾಥ ತಮ್ಮ ಮನೆಮಗಳು ಕುಸುಮಾಲೆಯ ಕೈಹಿಡಿದನೆಂಬುದು ಅವರ ನಂಬಿಕೆ. ಹಾಗಾಗಿ ದೇವರು ಅವರಿಗೆ 'ರಂಗಭಾವ'. ಪುರಾತನವಾದ ದೊಡ್ಡಸಂಪಿಗೆ ಮರವೂ ಅವರಿಗೆ ದೇವರೇ.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆ ನಿಂತಿತು, ಸ್ಥಳ ಬದಲಿಸುತ್ತ ಮಾಡುತ್ತಿದ್ದ ರಾಗಿ ಬೇಸಾಯವೂ ನಿಂತಿತು. ಕಾಡಿನೊಳಗೆ ಚದುರಿದ್ದ ಅನೇಕ ಪೋಡುಗಳನ್ನು ರಸ್ತೆ ಬದಿಗೆ ತಂದರು. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ ಮೇಲೆ ಆಸ್ಪತ್ರೆ, ಶಾಲೆ ಬಂದವು. ಮುಂದೆ ಬೆಂಗಳೂರಿನ 'ಏಟ್ರೀ' ಸಂಸ್ಥೆಯ ವಿಜ್ಞಾನಿಗಳು ಸೋಲಿಗರ ಜೊತೆ ಕಾಡು ಸುತ್ತಿ, ಮರದಲ್ಲಿ ನೆಲ್ಲಿ ಎಷ್ಟಿದೆ, ಎಷ್ಟು ಕೊಯ್ದರೆ ಕಾಡಿಗೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿದರು. ಅಷ್ಟರಲ್ಲಿ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ, ಮಾರಾಟಕ್ಕಾಗಿ ಕಾಡಿನ ಉತ್ಪನ್ನ ಸಂಗ್ರಹಿಸುವುದಕ್ಕೇ ತಡೆ ಬಿತ್ತು. ಮನೆ ನಡೆಸುವ ಹೆಂಗಸರ ಕೈ ಬರಿದಾಯಿತು.

ಸೋಲಿಗರು ಸುಮ್ಮನೆ ಕೂರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಹಿರಿಯರು ಮುಂದೆ ನಡೆದು ತೋರಿಸಿದ ನೂರಾರು ದೇವರ ಬನ, ಕಲ್ಲು, ಹಳ್ಳಗಳನ್ನು ಸಂಶೋಧಕರ ನೆರವಿನಿಂದ ನಕ್ಷೆಗೆ ಇಳಿಸಿದರು. 2011ರ ಆರಂಭದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಒಕ್ಕಲೆಬ್ಬಿಸುವ ಭಯ ಎದ್ದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು.

ಆದರೆ ಒಂದು ಮಾತು ಇನ್ನೂ ಬಗೆಹರಿದಿಲ್ಲ. ಹಿಂದೆ ಬೇಸಿಗೆ ಬಲಿಯುವ ಮುನ್ನವೇ ಸೋಲಿಗರು ಉದುರಿದ ಎಲೆಗೆ ಸಣ್ಣಗೆ ಹಚ್ಚುತ್ತಿದ್ದ 'ತರಗು ಬೆಂಕಿ' ನಿಷೇಧವಾದ ಮೇಲೆ ಲಂಟಾನ ಕಾಡೆಲ್ಲ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಎನ್ನುತ್ತಾರೆ ಅವರು. ಅವರ ಈ ಮಾತನ್ನು ಸಂಶೋಧಕರೂ ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಬೆಂಕಿಯೆಂದರೆ ಅರಣ್ಯ ಇಲಾಖೆಗೆ ಭಯ ಸಹಜ. ಆದರೆ ಹವಾಮಾನ ಬದಲಾಗಿ ಬೇಸಿಗೆ ಕಠಿಣವಾಗುತ್ತಿರುವಾಗ ಒಣಗಿದ ಲಂಟಾನಕ್ಕೆ ಕಿಡಿ ತಗುಲಿದರೆ ಜ್ವಾಲೆ ಮರದ ತಲೆಗೇ ಏರುತ್ತದೆ.

ಹಕ್ಕುಪತ್ರ ಕೊಟ್ಟರೆ ಸಾಲದು, ಕಾಡನ್ನು ಬಲ್ಲವರ ಮಾತಿಗೂ ಬೆಲೆ ಕೊಡಬೇಕು. ಗೆಳತಿಯರೇ, ಈ ಸಲ ನೆಲ್ಲಿಕಾಯಿ ಹೆಚ್ಚುವಾಗ ಬೆಟ್ಟದ ಆ ಅಕ್ಕತಂಗಿಯರನ್ನೊಮ್ಮೆ ನೆನೆಯೋಣ.