ಉಚ್ಚಾರಣೆ ಮತ್ತು ಅರ್ಥ: ಕರಾವಳಿಯ ನಿಘಂಟುಗಳು ಕಲಿಸುವ ಪಾಠ

ನ್ಯಾಯಸ್ಥಾಪಕರ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಘೋರ ಪ್ರಸಂಗವಿದೆ. ಜೋರ್ಡನಿನ ಹಾಯಗಡಗಳಲ್ಲಿ ಗಿಲ್ಯಾದಿನವರು ಸೋತು ಬಂದವರಿಂದ ‘ಷಿಬ್ಬೋಲೆತ್’ ಎಂಬ ಪದವನ್ನು ಹೇಳಿಸಿದರು. ‘ಸಿಬ್ಬೋಲೆತ್’ ಎಂದವನು ಹತನಾದನು. ಪದದ ಅರ್ಥವನ್ನು ಯಾರೂ ಕೇಳಲಿಲ್ಲ. ವಿಟ್ಲದಂತಹ ಊರಿನಿಂದ ಬಂದ ವಿದ್ಯಾರ್ಥಿ ತರಗತಿಯಲ್ಲಿ ಅಪರೂಪದ ಇಂಗ್ಲಿಷ್ ಪದವೊಂದನ್ನು ತಪ್ಪಾಗಿ ಉಚ್ಚರಿಸಿದಾಗ ಏಳುವ ನಗುವಿನಲ್ಲಿ ಆ ಹಾಯಗಡದ ನೆರಳಿದೆ.

ನಮ್ಮ ಕರಾವಳಿಯ ಸಭಾ ಇತಿಹಾಸವು ಬೇರೊಂದು ದಾರಿಯನ್ನು ತೋರಿಸುತ್ತದೆ. ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. ಅವರ ಸಭೆಯ ಆಂಜೆಲೊ ಮಾಫೆಯಿಯವರ ಇಂಗ್ಲಿಷ್–ಕೊಂಕಣಿ ನಿಘಂಟು 1883ರಲ್ಲೇ ಅಚ್ಚಾಯಿತು. ಅದೂ ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದೇ ಮಿಷನ್ನಿನ ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಇಂಗ್ಲಿಷ್–ತುಳು ನಿಘಂಟು 1888ರಲ್ಲಿ, ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದವು. ಇಂಗ್ಲಿಷ್ ಇವರಲ್ಲಿ ಯಾರ ತಾಯ್ನುಡಿಯೂ ಆಗಿರಲಿಲ್ಲ. ಬೋಧಿಸಬಂದವರು ಮೊದಲು ಈ ನೆಲದ ಮಾತಿಗೆ ಶಿಷ್ಯರಾದರು.

ಅರ್ಥನಿರೂಪಣೆ ಎಷ್ಟು ಗಹನವಾದ ಕೆಲಸವೆಂಬುದಕ್ಕೆ ‘ಹೋಸ್ಟ್’ ಎಂಬ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದು. ಲತೀನ್ ಮೂಲಗಳು ಮೂರು. ‘ಹೋಸ್ಪೆಸ್’ನಿಂದ ಬಂದದ್ದು ಅತಿಥಿಯನ್ನು ಸತ್ಕರಿಸುವವನು, ‘ಹೋಸ್ತಿಸ್’ನಿಂದ ಬಂದದ್ದು ಸೇನಾಸಮೂಹ, ‘ಹೋಸ್ತಿಯಾ’ದಿಂದ ಬಂದದ್ದು ಬಲಿಪಶು, ಅಂದರೆ ಪೀಠದ ಮೇಲಿನ ರೊಟ್ಟಿ. ಕನ್ನಡ ಬೈಬಲ್ ‘ಸೇನಾಧೀಶ್ವರ’ ಎನ್ನುವಲ್ಲಿ ಎರಡನೆಯ ಅರ್ಥವಿದೆ. ಮೂರನೆಯದನ್ನು ನಾವು ‘ಪರಮಪ್ರಸಾದ’ ಎನ್ನುತ್ತೇವೆ. ಅಲ್ಲಿ ದಾನದ ಭಾವ ಮುಂದಾಗಿ, ಬಲಿಯ ಭಾವವು ‘ಬಲಿಪೂಜೆ’ ಎಂಬ ಪದದಲ್ಲಿ ಉಳಿದಿದೆ. ಈ ಎರಡನ್ನೂ ಜೋಡಿಸಿ ವಿವರಿಸುವುದು ನಿಘಂಟಿನಿಂದಾಗದು, ಉಪದೇಶಕನಿಂದಾಗಬೇಕು.

ಉಚ್ಚಾರಣೆಯಾದರೋ ಜನರ ನಾಲಗೆಯಲ್ಲಿ ತಾನೇ ನೆಲೆಗೊಳ್ಳುತ್ತದೆ. ಪೋರ್ಚುಗೀಸಿನ ‘ಕೊಮುಂಗಾರ್’ ನಮ್ಮ ಕೊಂಕಣಿಯಲ್ಲಿ ‘ಕುಮ್ಗಾರ್’ ಆಯಿತು, ‘ಕೊನ್ಫೆಸ್ಸಾರ್’ ‘ಕುಮ್ಸಾರ್’ ಆಯಿತು. ಧ್ವನಿ ಬದಲಾದುದರಿಂದ ಸಂಸ್ಕಾರಕ್ಕೆ ಕುಂದುಂಟಾಗಲಿಲ್ಲ. ಹಾಗೆಂದು ಉಚ್ಚಾರಣೆಯನ್ನು ಅಲಕ್ಷಿಸಬೇಕೆಂದಲ್ಲ. ವಿಟ್ಲ ಸೀಮೆಯವರೇ ಆಗಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ಸೇಡಿಯಾಪು ಕೃಷ್ಣಭಟ್ಟರು ಕನ್ನಡ ವರ್ಣಗಳ ಕುರಿತೇ ಗ್ರಂಥ ಬರೆದವರು. ಆದರೆ ಧ್ವನಿಯ ವಿಚಾರ ಜ್ಞಾನಕ್ಕಾಗಿರಬೇಕು, ಜನರನ್ನು ಬೇರ್ಪಡಿಸುವುದಕ್ಕಲ್ಲ.

‘ವಯಾಟಿಕಮ್’ ಎಂದು ಇಂಗ್ಲಿಷಿನವರಂತೆ ಹೇಳಿದರೂ, ‘ವಿಯಾತಿಕುಂ’ ಎಂದು ರೋಮಿನವರಂತೆ ಹೇಳಿದರೂ ಮರಣಶಯ್ಯೆಯಲ್ಲಿರುವ ಅಜ್ಜಿಗೆ ಎರಡೂ ಒಂದೇ. ಅದು ದಾರಿಬುತ್ತಿ ಎಂದು ತಿಳಿಸಿದರೆ ಸಾಕು. ಜೀವಮಾನವಿಡೀ ಗದ್ದೆಗೂ ತೋಟಕ್ಕೂ ಬುತ್ತಿ ಕಟ್ಟಿಕೊಟ್ಟವಳಿಗೆ ದೈವಶಾಸ್ತ್ರದ ಉಳಿದ ಭಾಗ ಅರ್ಥವಾಗುತ್ತದೆ. ಆ ಒಂದು ಮಾತನ್ನು ಹುಡುಕಿಕೊಳ್ಳದೆ ಆಕೆಯ ಮನೆಯ ಮೆಟ್ಟಿಲು ಹತ್ತುವ ಗುರುವು, ಎಷ್ಟೇ ಶುದ್ಧವಾಗಿ ಉಚ್ಚರಿಸಿದರೂ, ಸಂತ ಪೌಲನು ಕೊರಿಂಥದವರನ್ನು ಎಚ್ಚರಿಸಿದಂತೆ ಗಾಳಿಗೆ ಮಾತಾಡಿದವನಾಗುತ್ತಾನೆ.