ಸದ್ದು ಸಂಗೀತವಾದ ಬಗೆ

ಉರೂಸಿನ ರಾತ್ರಿ ಕವ್ವಾಲಿ ನಡೆಯುತ್ತಿರುವಾಗ ಮೈಕು ಕೀರಲು ದನಿಯಲ್ಲಿ ಕೂಗಿಕೊಂಡರೆ ನಾವೆಲ್ಲ ಕಿವಿ ಮುಚ್ಚಿಕೊಳ್ಳುತ್ತೇವೆ. ಮೈಕ್‌ಸೆಟ್ಟಿನವನು ಓಡಿಬಂದು ಗುಂಡಿ ತಿರುಗಿಸುತ್ತಾನೆ. ಆ ಕೂಗು ಗದ್ದಲ, ಕವ್ವಾಲನ ದನಿ ಸಂಗೀತ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಇವೆರಡರ ನಡುವಿನ ಗೆರೆ ಎಲ್ಲ ಕಾಲಕ್ಕೂ ಒಂದೇ ಕಡೆ ಇತ್ತೇ? ಎಲೆಕ್ಟ್ರಿಕ್ ಗಿಟಾರಿನ ಚರಿತ್ರೆ ಇಲ್ಲ ಎನ್ನುತ್ತದೆ.

ಗಿಟಾರ್ ಮೂಲತಃ ಮೆಲುದನಿಯ ವಾದ್ಯ. ಅಮೆರಿಕದ ನೃತ್ಯ ತಂಡಗಳಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಅದು ಕೇಳಿಸುತ್ತಲೇ ಇರಲಿಲ್ಲ. 1930ರ ದಶಕದ ಆರಂಭದಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ತಂತಿಗಳ ಬಳಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯನ್ನಿಟ್ಟು ಇದಕ್ಕೆ ಪರಿಹಾರ ಕಂಡುಕೊಂಡರು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫಯರ್ ಅದನ್ನು ಹಿಗ್ಗಿಸುತ್ತದೆ. ಆದರೆ ಆಂಪ್ಲಿಫಯರ್‌ಗೆ ಸ್ವರ ಯಾವುದು, ಕರೆಂಟಿನ ಗುಂಯ್‌ಗುಡುವಿಕೆ ಯಾವುದು ಎಂಬ ಭೇದ ತಿಳಿಯದು. ಅದು ಎರಡನ್ನೂ ದೊಡ್ಡದು ಮಾಡಿತು. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಈ ಗುಂಯ್ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡಿದರು. ಸದ್ದನ್ನು ಹೊರಹಾಕುವುದೇ ಅಂದಿನ ತಂತ್ರಜ್ಞರ ಗುರಿಯಾಗಿತ್ತು.

ಅದೇ ವರ್ಷಗಳಲ್ಲಿ ಕಲಾವಿದರು ಬೇರೆ ದಾರಿ ಹಿಡಿದಿದ್ದರು. 1951ರಲ್ಲಿ ಐಕ್ ಟರ್ನರ್ ಅವರ ಕರಿಯರ ತಂಡ ಧ್ವನಿಮುದ್ರಣಕ್ಕೆಂದು ಮೆಂಫಿಸ್ ನಗರಕ್ಕೆ ಹೊರಟಾಗ ದಾರಿಯಲ್ಲಿ ಆಂಪ್ಲಿಫಯರ್ ಕೆಟ್ಟಿತು. ಸ್ಪೀಕರಿಗೆ ಕಾಗದ ತುರುಕಿ ಹಾಗೆಯೇ ನುಡಿಸಿದರು. ಆ ಒಡಕು ದನಿಯ 'ರಾಕೆಟ್ 88' ಮನೆಮಾತಾಯಿತು. 1958ರಲ್ಲಿ ಲಿಂಕ್ ರೇ ಸ್ಪೀಕರಿಗೆ ಬೇಕೆಂದೇ ತೂತು ಕೊರೆದು 'ರಂಬಲ್' ನುಡಿಸಿದರು. ಅದರಲ್ಲಿ ಒಂದು ಪದವೂ ಇಲ್ಲ. ಆದರೂ ಹುಡುಗರನ್ನು ಹೊಡೆದಾಟಕ್ಕೆ ಹಚ್ಚುತ್ತದೆಂದು ಅಮೆರಿಕದ ಕೆಲವು ರೇಡಿಯೋ ಕೇಂದ್ರಗಳು ಅದನ್ನು ನಿಷೇಧಿಸಿದವು. ಮಾತೇ ಇಲ್ಲದ ಸದ್ದಿಗೂ ಜನ ಹೆದರುತ್ತಾರೆ!

ಮುಂದಿನ ತಿರುವು ನ್ಯಾಶ್‌ವಿಲ್ ನಗರದ್ದು. 1960ರ ಕೊನೆಯಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದರ ಮುದ್ರಣದಲ್ಲಿ ಯಂತ್ರದ ಒಂದು ಭಾಗ ಕೈಕೊಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ತಂತಿ ದುಂಬಿಯಂತೆ ಗೊರಗುಟ್ಟಿತು. ತಪ್ಪನ್ನು ಅಳಿಸದೆ ಉಳಿಸಿಕೊಂಡರು. ತಂತ್ರಜ್ಞ ಗ್ಲೆನ್ ಸ್ನಾಡಿ ಸಂಗಡಿಗನೊಬ್ಬನ ಜೊತೆ ಸೇರಿ ಆ ತಪ್ಪನ್ನೇ ಟ್ರಾನ್ಸಿಸ್ಟರುಗಳಿಂದ ಮತ್ತೆ ಕಟ್ಟಿದರು. ಅದೇ 1962ರಲ್ಲಿ ಮಾರುಕಟ್ಟೆಗೆ ಬಂದ 'ಫಝ್-ಟೋನ್', ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ. ಮೊದಲು ಕೊಳ್ಳುವವರು ಕಡಿಮೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಕೀತ್ ರಿಚರ್ಡ್ಸ್ ಅದನ್ನು ಬಳಸಿದ ಮೇಲೆ ಅಂಗಡಿಗಳಲ್ಲಿ ಪೆಟ್ಟಿಗೆ ಸಿಗುವುದೇ ಕಷ್ಟವಾಯಿತು.

ಒಂದು ಪೆಡಲ್ ಇದ್ದಲ್ಲಿಗೆ ಹತ್ತು ಬಂದವು. ಆಗ ಹೊಸ ಪ್ರಶ್ನೆ ಹುಟ್ಟಿತು: ಯಾವುದು ಮೊದಲು, ಯಾವುದು ನಂತರ? ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಿದರೆ ಬೇಳೆ ಬೇಯುವುದಿಲ್ಲ ಎಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಪ್ರತಿಧ್ವನಿಯ ಪೆಡಲನ್ನು ಒಡಕು ದನಿಯ ಪೆಡಲಿಗಿಂತ ಮೊದಲು ಇಟ್ಟರೆ ಪ್ರತಿಧ್ವನಿಗಳೆಲ್ಲ ಕಲಸಿಹೋಗುತ್ತವೆ. ನಂತರ ಇಟ್ಟರೆ ಪ್ರತಿಯೊಂದೂ ಬಿಡಿಬಿಡಿಯಾಗಿ ಕೇಳುತ್ತದೆ. ಒಡಕನ್ನು ಆಂಪ್ಲಿಫಯರ್ ತಾನೇ ಕೊಡುವುದಾದರೆ, ಅದರ ಹಿಂಬದಿಯ 'ಎಫೆಕ್ಟ್ಸ್ ಲೂಪ್' ಎಂಬ ದಾರಿಯಲ್ಲಿ ಪ್ರತಿಧ್ವನಿಯನ್ನು ಜೋಡಿಸುತ್ತಾರೆ. ಆದರೆ ಇದು ಶಾಸನವಲ್ಲ. ಜಿಮಿ ಹೆಂಡ್ರಿಕ್ಸ್ 'ವಾ' ಪೆಡಲನ್ನು ಫಝ್‌ಗಿಂತ ಮುಂಚೆ ಇಟ್ಟು ಗಿಟಾರಿನಿಂದ ಮನುಷ್ಯರ ಅಳುವನ್ನು ಹೊರಡಿಸಿದರು. 1969ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಯುದ್ಧದ ದಿನಗಳಲ್ಲಿ, ವುಡ್‌ಸ್ಟಾಕ್‌ನಲ್ಲಿ ಅವರು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ ಕೇಳಿದವರಿಗೆ ಅದರೊಳಗೆ ಬಾಂಬಿನ ಸದ್ದೂ ಕೇಳಿಸಿತು.

ಪೆಡಲುಗಳು ಹೆಚ್ಚಿದಂತೆ ಬೇಡದ ಗುಂಯ್ ಸದ್ದೂ ಹೆಚ್ಚಿತು. ಅದಕ್ಕೆ ಬಂದದ್ದು 'ನಾಯ್ಸ್ ಗೇಟ್', ಅಂದರೆ ಸದ್ದಿಗೆ ಬಾಗಿಲು. ನಾವು ಗೊತ್ತುಪಡಿಸಿದ ಮಟ್ಟಕ್ಕಿಂತ ದನಿ ಕೆಳಗಿಳಿದರೆ ಬಾಗಿಲು ಮುಚ್ಚುತ್ತದೆ, ಮೇಲೇರಿದರೆ ತೆರೆಯುತ್ತದೆ. ಇದನ್ನು ಸಾಮಾನ್ಯವಾಗಿ ಒಡಕಿನ ಪೆಡಲಿನ ನಂತರ, ಪ್ರತಿಧ್ವನಿಯ ಮೊದಲು ಇಡುತ್ತಾರೆ. ಕೊನೆಯಲ್ಲಿಟ್ಟರೆ ಪ್ರತಿಧ್ವನಿಯ ಬಾಲವೇ ಕತ್ತರಿಸಿಹೋಗುತ್ತದೆ. ಜಪಾನಿನ ಬಾಸ್ ಕಂಪನಿಯ 1987ರ ಎನ್‌ಎಸ್-2 ಇನ್ನೊಂದು ಜಾಣತನ ತೋರಿತು. ಅದು ಗಿಟಾರಿನ ಶುದ್ಧ ದನಿಯನ್ನು ಮೊದಲೇ ಆಲಿಸುತ್ತದೆ, ಒಡಕಿನ ಪೆಡಲುಗಳನ್ನು ಸುತ್ತಿ ಬಂದ ದನಿಗೆ ಬಾಗಿಲು ಹಾಕುತ್ತದೆ. ಮೂಲವನ್ನು ಕೇಳಿ ತೀರ್ಪು ಕೊಡುತ್ತದೆ.

ಅಪಾಯ ಇರುವುದು ಆ ಮಟ್ಟವನ್ನು ಗೊತ್ತುಪಡಿಸುವಲ್ಲಿ. ಅದನ್ನು ತೀರ ಮೇಲಕ್ಕೇರಿಸಿದರೆ ಗುಂಯ್ ಸದ್ದು ಹೋಗುತ್ತದೆ ನಿಜ, ಜೊತೆಗೆ ಮೆಲ್ಲನೆ ಮಸುಕಾಗುವ ಸ್ವರವೂ ಬೆರಳಿನ ನವಿರು ಸ್ಪರ್ಶವೂ ಹೋಗುತ್ತವೆ. ಬಾಗಿಲಿಗೆ ಗೊತ್ತಿರುವುದು ಜೋರು ಮತ್ತು ಮೆಲು ಮಾತ್ರ, ಸರಿ ತಪ್ಪು ಅಲ್ಲ. ಆದ್ದರಿಂದ ತಿಳಿದವರು ತಂತಿ ಮುಟ್ಟದೆ ಸುಮ್ಮನಿದ್ದು, ಗುಂಯ್ ಸದ್ದು ಅಡಗುವಷ್ಟು ಮಾತ್ರ ಗುಂಡಿ ತಿರುಗಿಸುತ್ತಾರೆ.

ಈ ವಾದ್ಯ ಸಹಾರಾ ಮರುಭೂಮಿಯನ್ನೂ ತಲುಪಿತು. ಮಾಲಿ ದೇಶದ ತುವಾರೆಗ್ ಮುಸ್ಲಿಮರಲ್ಲಿ ಒಬ್ಬರಾದ ಇಬ್ರಾಹಿಂ ಅಗ್ ಅಲ್ಹಬೀಬ್ ಬಾಲ್ಯದಲ್ಲಿ ತಗಡಿನ ಡಬ್ಬ, ಕೋಲು ಮತ್ತು ಸೈಕಲ್ ಬ್ರೇಕಿನ ತಂತಿಯಿಂದ ಗಿಟಾರ್ ಮಾಡಿಕೊಂಡವರು. ಮುಂದೆ ಅವರು ಕಟ್ಟಿದ 'ತಿನಾರಿವೆನ್' ತಂಡ ತಮ್ಮ ಜನರ ವಲಸೆ, ಹಸಿವು, ಬರಗಾಲಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಡಿತು. 2012ರಲ್ಲಿ ಉತ್ತರ ಮಾಲಿಯನ್ನು ಹಿಡಿದ ಸಶಸ್ತ್ರ ಗುಂಪುಗಳು ಧರ್ಮದ ಹೆಸರಿನಲ್ಲಿ ಸಂಗೀತವನ್ನೇ ನಿಷೇಧಿಸಿ ವಾದ್ಯಗಳನ್ನು ನಾಶ ಮಾಡಿದವು. ಕಲಾವಿದರು ಊರು ಬಿಟ್ಟರು. ಸಂಗೀತದ ಬಗ್ಗೆ ನಮ್ಮ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯ ಹಿಂದಿನಿಂದಲೂ ಇದೆ. ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ಅದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ವಿವರವಾಗಿ ಚರ್ಚಿಸಿದ್ದಾರೆ. ಕೇಳಿ, ತೂಗಿ, ವಾದಿಸುವುದು ಬೇರೆ; ಬಂದೂಕು ಹಿಡಿದು ಬಾಯಿ ಮುಚ್ಚಿಸುವುದು ಬೇರೆ.

1958ರ ರೇಡಿಯೋದವರಿಗೂ 2012ರ ಬಂದೂಕಿನವರಿಗೂ ದೇಶ, ಧರ್ಮ, ಕ್ರೌರ್ಯದ ಪ್ರಮಾಣ ಎಲ್ಲದರಲ್ಲೂ ಅಂತರವಿದೆ. ಆದರೆ ಕೇಳುವ ಮೊದಲೇ ಬಾಗಿಲು ಹಾಕುವ ಆತುರ ಇಬ್ಬರಲ್ಲೂ ಇತ್ತು. ಸಮಾಜಕ್ಕೂ ಒಂದು ಬಾಗಿಲು ಬೇಕು, ಎಲ್ಲ ಕಿರುಚಾಟವನ್ನೂ ಸಹಿಸಬೇಕೆಂದು ನಾವು ಹೇಳುತ್ತಿಲ್ಲ. ಅದರ ಮಟ್ಟವನ್ನು ಏರಿಸುವಾಗ ಮೊದಲು ಮುಚ್ಚಿಹೋಗುವುದು ಮೆಲುದನಿಯವರ ಮಾತು ಎಂಬ ಎಚ್ಚರವಿದ್ದರೆ ಸಾಕು.