ಆರಾಮ ಕುರ್ಚಿಗೆ ಹೊಸ ಬಟ್ಟೆ: ಹಳೇ ಬಟ್ಟೆಯನ್ನಲ್ಲ, ಕುರ್ಚಿಯನ್ನೇ ಅಳೆಯಿರಿ

ಜಗಲಿಯ ಮೇಲಿನ ಮರದ ಆರಾಮ ಕುರ್ಚಿ ಅಜ್ಜನ ಕಾಲದ್ದಾದರೂ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಹಾಳಾಗುವುದು ಬಟ್ಟೆ. ಹೊಸದು ಹೊಲಿಸುವಾಗ ಎಷ್ಟೋ ಮಂದಿ ಹಳೇ ಬಟ್ಟೆ ಬಿಚ್ಚಿ ತಂದು ‘ಇದೇ ಅಳತೆಗೆ ಹೊಲಿದು ಕೊಡಿ’ ಅಂತಾರೆ. ತಪ್ಪಾಗುವುದು ಇಲ್ಲೇ. ವರ್ಷಗಟ್ಟಲೆ ಭಾರ ಹೊತ್ತ ಬಟ್ಟೆ ಉದ್ದಕ್ಕೆ ಜಗ್ಗಿರುತ್ತದೆ. ಅದೇ ಅಳತೆಗೆ ಹೊಲಿದರೆ ಹೊಸದೂ ಮೊದಲ ದಿನವೇ ಜೋತು ಬಿದ್ದು, ಕೂತವರ ಸೊಂಟ ಅಡ್ಡಪಟ್ಟಿಗೆ ತಾಗುತ್ತದೆ. ವಯಸ್ಸಾದವರಿಗೆ ಎದ್ದೇಳುವುದೇ ಕಷ್ಟವಾಗುತ್ತದೆ.

ಮೊದಲು ಬಟ್ಟೆ ತೆಗೆದು, ಕುರ್ಚಿಯನ್ನು ಸಮತಟ್ಟಾದ ನೆಲದಲ್ಲಿ ಪೂರ್ತಿ ಬಿಡಿಸಿ. ದಿನಾ ಕೂರುವಾಗ ಯಾವ ಕಚ್ಚಿಗೆ ಹಾಕುತ್ತೀರೋ ಅದಕ್ಕೇ ಹಾಕಿಡಿ.

ಅಗಲ: ಎರಡು ಪಕ್ಕದ ಮರಗಳ ನಡುವಿನ ಜಾಗವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಕಡಿಮೆ ಬಂದದ್ದನ್ನೇ ಹಿಡಿಯಿರಿ. ಅದರಲ್ಲಿ ಒಂದು ಇಂಚು ಕಳೆಯಿರಿ. ಇಲ್ಲದಿದ್ದರೆ ಬಟ್ಟೆಯ ಅಂಚು ಮರಕ್ಕೆ ಉಜ್ಜಿ ಬೇಗ ಹರಿಯುತ್ತದೆ.

ಉದ್ದ: ಟೇಪನ್ನು ನೇರವಾಗಿ ಎಳೆದು ಅಳೆಯಬೇಡಿ. ಜಗ್ಗದ ದಾರವೊಂದನ್ನು ಮೇಲಿನ ಕೋಲಿಗೆ ಕಟ್ಟಿ, ಸ್ವಲ್ಪ ಸಡಿಲ ಬಿಟ್ಟು ಕೆಳಗಿನ ಕೋಲಿಗೆ ಕಟ್ಟಿ. ದಾರದ ತಗ್ಗು ಅಡ್ಡಪಟ್ಟಿಗಿಂತ ಕನಿಷ್ಠ 5 ಇಂಚು ಮೇಲಿರಲಿ, ಕೂತಾಗ ಬಟ್ಟೆ ಇನ್ನೂ ಇಳಿಯುತ್ತದೆ. ಆಮೇಲೆ ದಾರ ಬಿಚ್ಚಿ, ಎರಡು ಗಂಟುಗಳ ನಡುವಿನ ಉದ್ದ ಅಳೆಯಿರಿ.

ಕೋಲು: ಕೋಲಿಗೆ ದಾರ ಸುತ್ತಿ ಸುತ್ತಳತೆ ತೆಗೆಯಿರಿ, ಸಲೀಸಾಗಿ ತೂರಲು ಅರ್ಧ ಇಂಚು ಸೇರಿಸಿ. ಬಟ್ಟೆ ಮರದ ಸೀಳಿನೊಳಗೆ ಹೋಗುವ ಕುರ್ಚಿಯಾದರೆ ಸೀಳಿನ ಅಗಲವನ್ನೂ ಬರೆದುಕೊಳ್ಳಿ. ಹೊಲಿಗೆ ದಪ್ಪವಾದರೆ ತೂರುವುದಿಲ್ಲ.

ಲೆಕ್ಕ ಹೀಗೆ: ದಾರದ ಉದ್ದ 50 ಇಂಚು, ಕೋಲಿನ ಸುತ್ತಳತೆ 4 ಇಂಚು ಅಂದುಕೊಳ್ಳಿ. ಒಂದು ತುದಿಗೆ ಕೋಲಿನ ಸುತ್ತಿಗೆ ನಾಲ್ಕೂವರೆ, ಮಡಚಿ ಹೊಲಿಯಲು ಒಂದೂವರೆ, ಒಟ್ಟು 6 ಇಂಚು. ಎರಡು ತುದಿಗೆ 12. ಕತ್ತರಿಸಬೇಕಾದ ಉದ್ದ 62 ಇಂಚು. ಪಕ್ಕದ ಮರಗಳ ನಡುವೆ 19 ಇಂಚಿದ್ದರೆ ಸಿದ್ಧ ಬಟ್ಟೆಯ ಅಗಲ 18. ಎರಡೂ ಬದಿ ಒಂದೊಂದು ಇಂಚು ಮಡಿಕೆ ಸೇರಿಸಿ 20 ಇಂಚು ಕತ್ತರಿಸಬೇಕು.

ಹತ್ತಿಯ ಕ್ಯಾನ್‌ವಾಸ್ ಆದರೆ ಕತ್ತರಿಸುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಥಾನಿನ ಅಂಚು ಕುರ್ಚಿಯ ಉದ್ದಕ್ಕೆ ಬರುವಂತೆ ಕತ್ತರಿಸಿ. ಕೋಲು ತೂರುವ ಜಾಗಕ್ಕೆ ಗಟ್ಟಿ ದಾರದಲ್ಲಿ ಎರಡು ಸಾಲು ಹೊಲಿಗೆ ಬೇಕು. ಮನೆಯ ಮಿಷನ್‌ಗೆ ಇದು ಭಾರ. ವಾಹನದ ಸೀಟು, ಟಾರ್ಪಾಲು ಹೊಲಿಯುವ ಕುಶನ್ ಅಂಗಡಿಯವರಿಗೆ ಸುಲಭ.

ಲೋಹದ ಕುರ್ಚಿಯಾದರೆ: ಬಾಲ್ಕನಿ, ಹೋಂಸ್ಟೇಗಳಲ್ಲಿರುವ ಜಾಲರಿ ಬಟ್ಟೆಯ ಕುರ್ಚಿಗಳಲ್ಲಿ ಬಟ್ಟೆ ಎರಡು ಪಕ್ಕದ ಸೀಳುಗಳಲ್ಲಿ ಕೂತಿರುತ್ತದೆ. ಅಡ್ಡ ಸರಳುಗಳ ಬೋಲ್ಟ್ ಬಿಗಿಯಾಗಿರುವಾಗಲೇ ಒಂದು ಸೀಳಿನ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಬಿಚ್ಚಿದ ಮೇಲೆ ಚೌಕಟ್ಟು ಸರಿಯುತ್ತದೆ, ಅಳತೆ ತಪ್ಪುತ್ತದೆ. ಉದ್ದವನ್ನು ಬಾಗಿನ ಮೇಲೆಯೇ ಬಟ್ಟೆ ಟೇಪ್ ಹಾಯಿಸಿ ತೆಗೆಯಿರಿ. ಸೀಳಿನೊಳಗಿನ ಪ್ಲಾಸ್ಟಿಕ್ ಕಡ್ಡಿಯನ್ನು ಅಂಗಡಿಗೆ ಒಯ್ಯಿರಿ. ದಪ್ಪ ಸ್ವಲ್ಪ ಹೆಚ್ಚಾದರೆ ಒಳಗೆ ಹೋಗುವುದಿಲ್ಲ, ಕಡಿಮೆಯಾದರೆ ಕೂತಾಗ ಜಾರಿ ಹೊರಬರುತ್ತದೆ. ಒಂದೇ ಸೆಟ್ಟಿನ ನಾಲ್ಕು ಕುರ್ಚಿಯಿದ್ದರೂ ಒಂದೊಂದನ್ನೂ ಬೇರೆಯಾಗಿ ಅಳೆಯಿರಿ.

ಕೂರುವ ಮುನ್ನ: ಕೋಲಿನ ಎರಡೂ ತುದಿ ತಮ್ಮ ಜಾಗದಲ್ಲಿ ಪೂರ್ತಿ ಕೂತಿವೆಯೇ ನೋಡಿ. 25 ಕೆಜಿ ಅಕ್ಕಿ ಚೀಲ ಇಟ್ಟು ಸ್ವಲ್ಪ ಹೊತ್ತು ಬಿಡಿ. ಹೊಲಿಗೆ ಬಿಡದಿದ್ದರೆ, ಗಟ್ಟಿಮುಟ್ಟಾದವರೊಬ್ಬರು ಕೈಯೂರಿ ನಿಧಾನಕ್ಕೆ ಕೂತು ನೋಡಲಿ. ಅಜ್ಜ, ಅಜ್ಜಿಯ ಸರದಿ ಅದಾದ ಮೇಲೆ. ಹೊಲಿಗೆ ಬಿಟ್ಟರೆ ಬೀಳುವುದು ಹಿಂದಕ್ಕೆ, ತಲೆಗೆ ಪೆಟ್ಟಾಗುತ್ತದೆ.

ಅಳತೆಯ ಚೀಟಿಯನ್ನು ಎಸೆಯಬೇಡಿ. ಕುರ್ಚಿಯ ಅಡಿಯಲ್ಲೇ ಮಾರ್ಕರ್‌ನಿಂದ ಬರೆದಿಟ್ಟರೆ ಮುಂದಿನ ಸಲ ಟೇಪ್ ಹುಡುಕುವ ಕೆಲಸವಿಲ್ಲ.